ಪೋರ್ಚುಗೀಸಿನ 'ಮಂಗ': ಒಂದು ಪದವೋ, ಹಲವು ಪದಗಳೋ?

ಪೋರ್ಚುಗೀಸಿನಲ್ಲಿ 'ಮಂಗ' ಎಂದರೆ ಅಂಗಿಯ ತೋಳು. ಮಾವಿನಹಣ್ಣಿಗೂ ಅದೇ ಹೆಸರು. (ನಮ್ಮ ಮರದ ಮೇಲಿನ ಮಂಗನಿಗೂ ಇದಕ್ಕೂ ಯಾವ ನಂಟೂ ಇಲ್ಲ.) ಕೊಂಬೆಯಿಂದ ತೋಳಿನಂತೆ ಇಳಿಬಿದ್ದಿರುವುದರಿಂದ ಹಣ್ಣಿಗೆ ಈ ಹೆಸರು ಬಂದಿರಬಹುದೇ ಎಂಬ ಪ್ರಶ್ನೆ ಸಹಜವಾದರೂ ಆ ಊಹೆ ನಿಲ್ಲುವುದಿಲ್ಲ.

ತೋಳೆಂಬ ಅರ್ಥದ 'ಮಂಗ' ಲ್ಯಾಟಿನ್ನಿನ 'ಮಾನಿಕಾ'ದಿಂದ ಬಂದದ್ದು. ಅದರ ಮೂಲ 'ಮಾನುಸ್', ಅಂದರೆ ಕೈ. ಮೈಯ ಅಂಗದ ಹೆಸರನ್ನೇ ನಾವೂ ಅಂಗಿಗೆ ತೊಡಿಸಿದ್ದೇವೆ.

ಹಣ್ಣಿನ 'ಮಂಗ' ನಮ್ಮ ಕಡೆಯಿಂದಲೇ ಹೋದ ಪದ. ಮಾವಿಗೆ ದ್ರಾವಿಡದಲ್ಲಿರುವ 'ಮಾ' ಎಂಬ ಹೆಸರಿಗೆ 'ಕಾಯ್' ಸೇರಿ ತಮಿಳಿನಲ್ಲಿ 'ಮಾಂಗಾಯ್', ಮಲಯಾಳದಲ್ಲಿ 'ಮಾಙ್ಙ' ಆಯಿತು. ಪದವು ಮಲಯ ಭಾಷೆಯ 'ಮಂಗ್ಗ'ದ ಮೂಲಕ ಪೋರ್ಚುಗೀಸಿಗೆ ಬಂತೆನ್ನುವವರೂ ಇದ್ದಾರೆ; ಆದರೆ ಪೋರ್ಚುಗೀಸರ ಹಡಗುಗಳು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಅವರು ಮಲಯ ನಾಡಿನ ಮಲಾಕ್ಕಾ ಬಂದರನ್ನು ಹಿಡಿದದ್ದು 1511ರಲ್ಲಿ ಎಂಬುದನ್ನು ನೆನೆದರೆ, ಮಲಬಾರಿನ ಕರಾವಳಿಯಲ್ಲೇ ಕಿವಿಗೆ ಬಿದ್ದ ಪದವನ್ನು ಅವರು ನೇರವಾಗಿ ಎತ್ತಿಕೊಂಡರೆನ್ನುವುದೇ ನನಗೆ ಹೆಚ್ಚು ಸರಿಯೆನಿಸುತ್ತದೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾನ ಔಷಧಗ್ರಂಥದಲ್ಲಿ ಈ ಹಣ್ಣು ಇದೇ ಹೆಸರಿನಿಂದ ಚರ್ಚೆಗೆ ಬಂದಿದೆ. ಇಂಗ್ಲಿಷಿನ 'ಮ್ಯಾಂಗೋ' ಕೂಡ ಪೋರ್ಚುಗೀಸಿನ ಈ ಪದದ ಸಂತಾನವೇ. 'ಕಾಯ್' ಒಳಗೇ ಅಡಗಿರುವುದು ತಿಳಿಯದೆ, ರಸ ಸುರಿಯುವ ಹಣ್ಣನ್ನೂ ಲೋಕವೆಲ್ಲ ಕಾಯಿಯೆಂದೇ ಕರೆಯುತ್ತಿದೆ!

ಮೂರನೆಯ 'ಮಂಗ' ಜಪಾನಿನ ಕಾಮಿಕ್ಸಿನ ಹೆಸರು. ಪೋರ್ಚುಗೀಸ್ ಆಡುವ ಬ್ರೆಜಿಲಿನಲ್ಲಿ ಅದನ್ನು ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟು, ಪುಲ್ಲಿಂಗವಾಗಿ ಬಳಸುವುದರಿಂದ ಗೊಂದಲವಿಲ್ಲ.

ಮೊದಲಿನ ಎರಡಕ್ಕೆ ಆ ಅನುಕೂಲವೂ ಇಲ್ಲ. ಎರಡೂ ಸ್ತ್ರೀಲಿಂಗ, ಬರಹ ಮತ್ತು ಉಚ್ಚಾರ ಒಂದೇ. ನಿಜವಾದ ತೊಡಕು ಅವುಗಳ ಸಾಧಿತ ರೂಪದಲ್ಲಿದೆ. ಮರವನ್ನು ಸೂಚಿಸುವ 'ಏಯ್ರ' ಪ್ರತ್ಯಯ ಹಣ್ಣಿನ ಹೆಸರಿಗೆ ಹತ್ತಿ 'ಮಂಗೇಯ್ರ', ಅಂದರೆ ಮಾವಿನಮರ, ಆಗುತ್ತದೆ. ತೋಳಿನಂತೆ ಟೊಳ್ಳಾಗಿ ಉದ್ದಕ್ಕಿರುವ, ಗಿಡಗಳಿಗೆ ನೀರು ಬಿಡುವ ಪೈಪಿಗೂ ಅದೇ ಪ್ರತ್ಯಯ ಸೇರಿದ 'ಮಂಗೇಯ್ರ' ಎಂಬುದೇ ಹೆಸರು. ಹೀಗೆ ಬೇರೆ ಬೇರೆ ಬೇರುಗಳ ಎರಡು ಪದಗಳು ಒಮ್ಮೆಯಲ್ಲ, ಎರಡು ಸಲ ಒಂದೇ ರೂಪಕ್ಕೆ ಬಂದು ನಿಂತಿವೆ. ರಿಯೊ ಡಿ ಜನೈರೊದಲ್ಲಿ 1928ರಲ್ಲಿ ಹುಟ್ಟಿದ ಪ್ರಸಿದ್ಧ ಸಾಂಬಾ ನೃತ್ಯತಂಡ 'ಮಂಗೇಯ್ರ'ದ ಹೆಸರಿನಲ್ಲಿರುವುದು ಮರವೇ ಹೊರತು ಪೈಪಲ್ಲ.