ಹಂಟಿಂಗ್ಟನ್ ಪಿಸಿಆರ್‌ನಲ್ಲಿ ಒಂದೇ ಪೀಕ್: ನಾರ್ಮಲ್ ಅಂತ ಬರೆಯಬಹುದಾ?

ಪಿಪೆಟ್_ಪುಟ್ಟ: ಹಂಟಿಂಗ್ಟನ್ ಅನ್ನುವ ಆನುವಂಶಿಕ ನರರೋಗಕ್ಕೆ ಸಂಬಂಧಿಸಿದ ಎಚ್‌ಟಿಟಿ ಜೀನಿನ ಸಿಎಜಿ ರಿಪೀಟ್ (ಸಿ-ಎ-ಜಿ ಮೂರು ಬೇಸ್ ಸಾಲಾಗಿ ಎಷ್ಟು ಸಲ ಬರುತ್ತದೆ) ಎಣಿಸಲು ಪಿಸಿಆರ್‌ನಿಂದ ಆ ಭಾಗವನ್ನು ನಕಲು ಮಾಡಿ, ತುಣುಕಿನ ಉದ್ದ ಅಳೆಯುವ ಕ್ಯಾಪಿಲರಿಯಲ್ಲಿ ಓಡಿಸುತ್ತಿದ್ದೇನೆ. ರಿಸರ್ಚ್ ಸ್ಯಾಂಪಲ್‌ಗಳು. ಒಂದರಲ್ಲಿ ಮಾತ್ರ 17ರ ಹತ್ತಿರ ಒಂದೇ ಪೀಕ್. ಉಳಿದವುಗಳಲ್ಲಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡೂ ಪೀಕ್ ಚೆನ್ನಾಗಿ ಬರುತ್ತಿವೆ. ಡಿಎನ್‌ಎ ಹೊಸದು, ಶುದ್ಧತೆ ತೋರಿಸುವ 260/280 ಅನುಪಾತವೂ 1.8, ಸರಿಯಾಗಿದೆ. ಅನೀಲಿಂಗ್ ತಾಪಮಾನ ಇಳಿಸಿದರೆ ಬೇಡದ ಪೀಕ್‌ಗಳು ಜಾಸ್ತಿ ಆದವು ಅಷ್ಟೆ. ಅಪ್ಪನಿಂದಲೂ 17, ಅಮ್ಮನಿಂದಲೂ 17 ಅಂದುಕೊಳ್ಳಲಾ?

ಜೆಲ್_ಜಾಣೆ: ಈಗಲೇ ಬೇಡ. 17 ತುಂಬಾ ಜನರಲ್ಲಿ ಇರುತ್ತದೆ, ಹಾಗಾಗಿ ಎರಡೂ ಕಡೆಯಿಂದ ಅದೇ ಬಂದಿರಬಹುದು. ಆದರೆ ಉದ್ದದ ಅಲೀಲ್ (ಜೀನಿನ ಎರಡು ಪ್ರತಿಗಳಲ್ಲಿ ಒಂದು) ಪಿಸಿಆರ್‌ನಲ್ಲಿ ನಕಲಾಗದೇ ಹೋದರೂ ಚಿತ್ರ ಇದೇ ತರಹ ಕಾಣುತ್ತದೆ. ಆ ಜಾಗದಲ್ಲಿ ಜಿ-ಸಿ ಜಾಸ್ತಿ, ನಕಲು ಮಾಡುವ ಕಿಣ್ವ ಪಾಲಿಮರೇಸ್ ಚಿಕ್ಕದನ್ನೇ ಹೆಚ್ಚು ಸುಲಭವಾಗಿ ನಕಲು ಮಾಡುತ್ತದೆ. ಇನ್ನೊಂದು ಸಾಧ್ಯತೆ, ಪ್ರೈಮರ್ (ನಕಲು ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಣುಕು) ಕೂರುವ ಜಾಗದಲ್ಲೇ ಒಂದು ಬೇಸ್ ಬದಲಾಗಿರಬಹುದು.

ಜಿ-ಸಿ ಜಾಸ್ತಿ ಇರುವ ಜಾಗ ನಕಲಾಗಲು ನೆರವಾಗುವ ಡಿಎಂಎಸ್‌ಒ ಅಥವಾ ಬೀಟೇನ್ ಹಾಕಿ ನೋಡಿ. ಜೊತೆಗೆ ಟ್ರಿಪ್ಲೆಟ್ ಪ್ರೈಮ್ಡ್ ಪಿಸಿಆರ್ ಮಾಡಿಬಿಡಿ. ಇದರಲ್ಲಿ ಬಣ್ಣ ಹಚ್ಚಿದ ಒಂದು ಪ್ರೈಮರ್ ರಿಪೀಟ್‌ನ ಹೊರಗೆ ಕೂರುತ್ತದೆ, ಇನ್ನೊಂದು ರಿಪೀಟ್ ಒಳಗೆ ಎಲ್ಲಿ ಬೇಕಾದರೂ ಅಂಟುತ್ತದೆ. ಮೂರು ಬೇಸ್‌ಗೊಂದರಂತೆ ಏಣಿಯ ಹಾಗೆ ಪೀಕ್ ಬರುತ್ತವೆ. 17ರಲ್ಲೇ ನಿಂತರೆ ಸರಿ. ಸಣ್ಣಗಾಗುತ್ತಾ 36 ದಾಟಿ ಹೋದರೆ ಉದ್ದದ ಅಲೀಲ್ ಇದೆ.

ಬಫರ್_ಭಟ್: ಇದಕ್ಕೇ 7-ಡೀಝಾ-ಡಿಜಿಟಿಪಿ (ಜಿ ಬೇಸ್ ಬದಲು ಹಾಕುವ ರೂಪ) ಬಳಸುವ ಆಸೆ ಬಂದರೆ ಎಚ್ಚರ. ಪಿಸಿಆರ್ ಆಗಿದೆಯಾ ಅಂತ ಎಥಿಡಿಯಂ ಬ್ರೋಮೈಡ್ ಜೆಲ್‌ನಲ್ಲಿ ನೋಡಿದರೆ ಬ್ಯಾಂಡ್ ಮಂಕಾಗಿ ಕಾಣುತ್ತದೆ. ಸುಮ್ನೆ ಗಾಬರಿ ಆಗುತ್ತದೆ!

ಪಿಪೆಟ್_ಪುಟ್ಟ: ಏಣಿ 40 ದಾಟಿತು ಮೇಡಂ. ಬೀಟೇನ್‌ನಿಂದ ಏನೂ ಬದಲಾಗಲಿಲ್ಲ. ರಿವರ್ಸ್ ಪ್ರೈಮರ್ ಬೇರೆ ಜಾಗಕ್ಕೆ ಬದಲಿಸಿದೆ, ಎರಡನೇ ಪೀಕ್ ಬಂತು. ಲೆಕ್ಕ ಹಾಕಿದರೆ 41. ಇದನ್ನೇ ಬರೆಯಲಾ?

ಜೆಲ್_ಜಾಣೆ: ಹಾಗಾದರೆ ಹಳೇ ರಿವರ್ಸ್ ಪ್ರೈಮರ್ ಕೆಳಗೇ ಬೇಸ್ ಬದಲಾಗಿರುವ ಅನುಮಾನ ಜಾಸ್ತಿ. ಆ ಭಾಗ ಸೀಕ್ವೆನ್ಸ್ ಮಾಡಿ ಖಚಿತ ಮಾಡಿಕೊಳ್ಳಿ.

41 ಅನ್ನುವ ಸಂಖ್ಯೆಯನ್ನು ಮಾತ್ರ ಈಗಲೇ ನಂಬಬೇಡಿ. ಸಿಎಜಿ ತುಂಬಿದ ತುಣುಕು ಕ್ಯಾಪಿಲರಿಯಲ್ಲಿ ಸೈಜ್ ಸ್ಟ್ಯಾಂಡರ್ಡ್‌ಗಿಂತ ವೇಗವಾಗಿ ಓಡುತ್ತದೆ, ಅಂದರೆ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ರಿಪೀಟ್ ಎಷ್ಟು ಅಂತ ಸೀಕ್ವೆನ್ಸ್ ಮಾಡಿ ಗೊತ್ತಿರುವ ಕಂಟ್ರೋಲ್‌ಗಳನ್ನು ಅದೇ ರನ್‌ನಲ್ಲಿ ಹಾಕಿ ಸರಿಹೊಂದಿಸಿ. 36ರಿಂದ 39 ಇದ್ದರೆ ಕಾಯಿಲೆ ಬರಬಹುದು, ಬರದೆಯೂ ಇರಬಹುದು. 40 ಅಥವಾ ಹೆಚ್ಚು ಇದ್ದರೆ ಕತೆಯೇ ಬೇರೆ, ಕಾಯಿಲೆ ಬರುವುದು ಬಹುತೇಕ ಖಚಿತ. ಗಡಿಯಲ್ಲಿ ಒಂದು ರಿಪೀಟ್ ತಪ್ಪಿದರೂ ಅರ್ಥ ಬದಲಾಗುತ್ತದೆ, ಅಲ್ವಾ?

ಸಿಎಜಿ ಪಕ್ಕದಲ್ಲೇ ಸಿಸಿಜಿ ರಿಪೀಟ್ ಇದೆ, ನಿಮ್ಮ ಹೊಸ ಪ್ರೈಮರ್ ಅದರ ಆಚೆ ಇದೆಯಾ? ಆ ಸಿಸಿಜಿ ಸಂಖ್ಯೆಯೂ ಎಲ್ಲರಲ್ಲಿ ಒಂದೇ ಇರುವುದಿಲ್ಲ, 7 ಮತ್ತು 10 ಸಾಮಾನ್ಯ. ಏಳು ಅಂತ ಹಿಡಿದು ಲೆಕ್ಕ ಹಾಕಿದರೆ, ಹತ್ತು ಇರುವವರಲ್ಲಿ ಮೂರು ಸಿಎಜಿ ಜಾಸ್ತಿ ಬರುತ್ತದೆ.

ಪಿಪೆಟ್_ಪುಟ್ಟ: ಹೌದು, ಆಚೆಯೇ ಇದೆ. ನಾನು 7 ಅಂತಲೇ ಹಿಡಿದಿದ್ದೆ.

ಜೆಲ್_ಜಾಣೆ: ಹಾಗಿದ್ದರೆ ಸೀಕ್ವೆನ್ಸಿಂಗ್ ಬಿಟ್ಟು ಬೇರೆ ದಾರಿ ಇಲ್ಲ. ಸಿಎಜಿ ಸಾಲಿನ ಕೊನೆಯಲ್ಲಿ ಸಾಮಾನ್ಯವಾಗಿ ಇರುವ ಸಿಎಎ ಇದೆಯಾ ಅಂತಲೂ ನೋಡಿ. ಕೆಲವರಲ್ಲಿ ಅದು ಸಿಎಜಿ ಆಗಿರುತ್ತದೆ. ಆಗ ತುಣುಕಿನ ಉದ್ದ ಅಷ್ಟೇ ಇದ್ದರೂ ತಡೆಯಿಲ್ಲದ ಸಿಎಜಿ ನಿಮ್ಮ ಲೆಕ್ಕಕ್ಕಿಂತ ಎರಡು ಜಾಸ್ತಿ. ಕಾಯಿಲೆ ಯಾವ ವಯಸ್ಸಿಗೆ ಶುರುವಾಗುತ್ತದೆ ಅನ್ನುವುದಕ್ಕೆ ಗ್ಲುಟಮಿನ್ ಎಣಿಕೆಗಿಂತ (ಸಿಎಜಿ, ಸಿಎಎ ಎರಡೂ ಪ್ರೋಟೀನ್‌ನಲ್ಲಿ ಗ್ಲುಟಮಿನ್ನೇ ಆಗುತ್ತವೆ) ಈ ತಡೆಯಿಲ್ಲದ ಸಿಎಜಿ ಸಾಲೇ ಮುಖ್ಯ ಅಂತ 2019ರಲ್ಲಿ ಗೊತ್ತಾಯಿತು.