ಮಂತ್ರ ಕಲಿಯುವ ಶಿಷ್ಯರು: ಒಂದನೇ ಲೆವೆಲ್‌ಗೆ ಮೊದಲು ಏನು ಆಡಿಸುವುದು?

ಕುಂಬಳೆ_ಡಿಎಂ
ಡಿ ಆಂಡ್ ಡಿ (ಡೈಸ್ ಹಾಕುತ್ತಾ ಕಥೆ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟ) ಐದನೇ ಎಡಿಷನ್, 2014ರ ನಿಯಮ. ಆಟಗಾರರು ನಾಲ್ವರೂ ವಿಝಾರ್ಡ್ (ಮಂತ್ರವಾದಿ) ಶಿಷ್ಯರು, ಗುರು ಒಬ್ಬರೇ. ಒಂದನೇ ಲೆವೆಲ್ ಮುಟ್ಟುವಾಗ 3 ಕ್ಯಾಂಟ್ರಿಪ್ (ಎಷ್ಟು ಸಲವಾದರೂ ಹಾಕಬಹುದಾದ ಸಣ್ಣ ಮಂತ್ರ), ಪುಸ್ತಕದಲ್ಲಿ 6 ಸ್ಪೆಲ್ (ಮಂತ್ರ) ಇರಬೇಕು. ಅಲ್ಲಿವರೆಗಿನ ಕಲಿಕೆಯನ್ನು ಮೂರು ಸೆಷನ್ ಆಡಿಸಬೇಕೆಂದಿದ್ದೇನೆ. ಬರೀ ಆರ್ಕೇನಾ (ಮಂತ್ರವಿದ್ಯೆಯ ಜ್ಞಾನ) ಚೆಕ್, ಅಂದರೆ 20 ಮುಖದ ಡೈಸ್, ಹಾಕಿಸಿದರೆ ಎಲ್ಲರೂ ತೂಕಡಿಸಿಯಾರು. ಬೇರೆ ದಾರಿ ಉಂಟಾ? ಕಥೆ ನಡೆಯುವುದು ಪಯಸ್ವಿನಿ ಹೊಳೆ ಬದಿಯ ಒಂದು ಹಳೇ ಮನೆಯಲ್ಲಿ.

ಮಧುವಾಹಿನಿ
ಏಣಿ ನಮ್ಮ ಕೈಯಲ್ಲೇ ಉಂಟಲ್ಲ ಮಾರಾಯ್ರೆ! ತೆಂಕುತಿಟ್ಟು ಯಕ್ಷಗಾನದಲ್ಲಿ ಹೊಸ ಹುಡುಗ ಮೊದಲು ಕೋಡಂಗಿ, ಮತ್ತೆ ಬಾಲಗೋಪಾಲ, ಅದು ದಾಟಿದರೆ ಪೀಠಿಕೆ ಸ್ತ್ರೀವೇಷ. ಪ್ರಸಂಗದ ವೇಷ ಆಮೇಲಿನ ಮಾತು. ಮೂರು ಸೆಷನ್‌ಗೆ ಮೂರು ಮೆಟ್ಟಿಲು.

ಕೋಡಂಗಿ ಹಂತದಲ್ಲಿ ಮಂತ್ರವೇ ಬೇಡ, ಓಲೆ ಬರೆಯಲಿ. ಕಂಟದಿಂದ (ಕಬ್ಬಿಣದ ಲೇಖನಿ) ತಾಳೆಗರಿ ಮೇಲೆ ಗೀರಿದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಮಸಿ ಸವರಿ ಒರೆಸಿದ ಮೇಲೆಯೇ ಕಪ್ಪಾಗಿ ಏಳುವುದು. ಒತ್ತಿ ಗೀರಿದರೆ ಗರಿ ಸೀಳುತ್ತದೆ, ಹಗುರ ಗೀರಿದರೆ ಮಸಿ ನಿಲ್ಲುವುದಿಲ್ಲ. ಹಾಗಾಗಿ ಡೈಸ್ ಬೀಳುವುದು ಗೀರುವಾಗ, ಫಲ ತಿಳಿಯುವುದು ಒರೆಸುವಾಗ: ಡಿಎಂ, ಅಂದರೆ ಆಟ ನಡೆಸುವ ನೀವು, ಮರೆಯಲ್ಲಿ ಹಾಕಿ, ಡಿಸಿ (ಗೆಲ್ಲಲು ಮುಟ್ಟಬೇಕಾದ ಅಂಕ) 10. ಡಿಸಿಗಿಂತ ನಾಲ್ಕು ಅಂಕದೊಳಗೆ ತಪ್ಪಿದರೆ ಅಕ್ಷರ ಮಸುಕು, ಒಂದು ತಾಸು ಹೆಚ್ಚು. ಐದು ಅಥವಾ ಮೇಲೆ ತಪ್ಪಿದರೆ ಗರಿ ಹೋಯಿತು.

ಬಾಲಗೋಪಾಲ ಹಂತದಲ್ಲಿ ಇಬ್ಬರು ಸೇರಿ ಒಂದು ಕ್ಯಾಂಟ್ರಿಪ್, ಇಬ್ಬರೂ ಗೆಲ್ಲಬೇಕು. ಬುದ್ಧಿ +3 (ಡೈಸ್ ಅಂಕಕ್ಕೆ ಕೂಡಿಸುವುದು), ಆರ್ಕೇನಾ ಇನ್ನೂ ಇಲ್ಲ ಎಂದರೆ ಡಿಸಿ 10ಕ್ಕೆ ಒಬ್ಬರ ಗೆಲುವು ಶೇಕಡಾ 70, ಜೋಡಿಯಾದರೆ 49. ಡಿಸಿ ಏರಿಸಬೇಡಿ, 12 ಮಾಡಿದರೆ 36ಕ್ಕೆ ಇಳಿಯುತ್ತದೆ, ಸೆಷನ್ ಅಲ್ಲೇ ಹೂತುಹೋಗುತ್ತದೆ. ಸ್ತ್ರೀವೇಷ ಹಂತದಲ್ಲಿ ಊರವರೆದುರು ಒಂದೇ ಒಂದು ಸ್ಪೆಲ್, ಅಷ್ಟೇ.

ಒಂದು ಮಾತು, ಭೂತಕೋಲದ ಕಟ್ಟುಪಾಡುಗಳನ್ನು ಇದಕ್ಕೆ ಎಳೆಯಬೇಡಿ. ಅದು ಜನರ ನಂಬಿಕೆ.

ಚಂದ್ರಗಿರಿ_ಡಿ20
ಏಣಿ ಚಂದ ಉಂಟು. ಆದರೆ ಗುರುವಿಗೆ ಏನು ಲಾಭ ಎಂಬುದು ಬಿಟ್ಟುಹೋಯಿತು. ಆರ್ಸ್ ಮ್ಯಾಜಿಕಾ ಎಂಬ ಇನ್ನೊಂದು ಆಟದಲ್ಲಿ ಶಿಷ್ಯವೃತ್ತಿ 15 ವರ್ಷ. ವರ್ಷಕ್ಕೆ ನಾಲ್ಕು ಋತು, ಅದರಲ್ಲಿ ಒಂದನ್ನಾದರೂ ಗುರು ಪಾಠಕ್ಕೆ ಕೊಡಲೇಬೇಕು. ಉಳಿದ ಕಾಲ ಶಿಷ್ಯ ಪ್ರಯೋಗಶಾಲೆಯಲ್ಲಿ ದುಡಿದರೆ ಅವನ ಬುದ್ಧಿ ಮತ್ತು ಮಂತ್ರಶಾಸ್ತ್ರದ ಅಂಕ ಗುರುವಿನ ಲೆಕ್ಕಕ್ಕೆ ಕೂಡುತ್ತದೆ. ಶಿಷ್ಯ ಜಾಣನಾದಷ್ಟೂ ಬಿಟ್ಟುಕೊಡಲು ಗುರುವಿಗೆ ಮನಸ್ಸಾಗದು. ಈ ಎಳೆದಾಟವನ್ನು ನಿಮ್ಮ ಮನೆಗೂ ತನ್ನಿ: ಪ್ರತಿ ಸೆಷನ್‌ನಲ್ಲಿ ನಾಲ್ಕು ಪಾಲು ಸಮಯ, ಪಾಠಕ್ಕೆ ಒಂದೇ. ಆ ಪಾಲು ಯಾರಿಗೆ ಎಂದು ನಾಲ್ವರೂ ಗುರುವಿನ ಹತ್ತಿರ ಜಗಳಾಡಲಿ.

ಕುಂಬಳೆ_ಡಿಎಂ
ಇಬ್ಬರಿಗೂ ಧನ್ಯವಾದ. ಆರು ಸ್ಪೆಲ್ ಪುಕ್ಕಟೆ ಕೊಡುವುದೋ?

ಚಂದ್ರಗಿರಿ_ಡಿ20
ನಿಯಮದಲ್ಲಿ ಪುಕ್ಕಟೆ, ಕಥೆಯಲ್ಲಿ ಬೇಡ. ನಕಲು ಮಾಡಲು ಸ್ಪೆಲ್‌ನ ಪ್ರತಿ ಲೆವೆಲ್‌ಗೆ 2 ತಾಸು, 50 ಗೋಲ್ಡ್. ಒಂದನೇ ಲೆವೆಲ್ಲಿನ ಆರಕ್ಕೆ 12 ತಾಸು, 300 ಗೋಲ್ಡ್. ಡೈಸ್ ಹಾಕಿ ಹಣ ತೆಗೆದರೆ ವಿಝಾರ್ಡ್‌ಗೆ ಸಿಗುವುದು 4ಡಿ4 (ನಾಲ್ಕು ಮುಖದ ನಾಲ್ಕು ಡೈಸ್) ಗುಣಿಸು 10, ಅಂದರೆ ಸರಾಸರಿ 100. ಉಳಿದ 200 ಶಿಷ್ಯ ಗುರುವಿಗೆ ತೀರಿಸಬೇಕಾದ ಸಾಲ. ಯಾರಾದರೂ ಗುರುವಿನ ಮಂತ್ರದ ಸುರುಳಿ, ಅಂದರೆ ಸ್ಕ್ರೋಲ್‌ನಿಂದ ಕದ್ದು ಬರೆಯಲು ಹೊರಟರೆ ಮೊದಲೇ ಹೇಳಿಬಿಡಿ: ಅದಕ್ಕೆ ಆರ್ಕೇನಾ ಡಿಸಿ 10ಕ್ಕೆ ಸ್ಪೆಲ್ ಲೆವೆಲ್ ಕೂಡಿಸಬೇಕು, ಗೆದ್ದರೂ ಸೋತರೂ ಸ್ಕ್ರೋಲ್ ನಾಶ. ಗುರು ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಕಳ್ಳತನ ಗೊತ್ತಾಗಿಯೇ ಆಗುತ್ತದೆ.