3–6 ವರ್ಷದ ಮಕ್ಕಳಿಗೆ ಪ್ರಾಣಿಗಳ ನಗೆಪುಸ್ತಕ: ಮಾಡಿದವರು ಅನುಭವ ಹೇಳಿ

ಹೊಸಬರು: 24 ಪುಟದ ಬಣ್ಣದ ಪುಸ್ತಕ ಮಾಡುತ್ತಿದ್ದೇನೆ, ಅಳಿಲೇ ನಾಯಕ. ಅಂಗಿ-ಟೋಪಿ ತೊಡಿಸಿದರೆ ಮಕ್ಕಳು ನಗುತ್ತಾರೆ ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ಪ್ರಾಸದಲ್ಲಿ ಬರೆಯಲೋ ಗದ್ಯದಲ್ಲೋ? ಎಷ್ಟು ಪ್ರತಿ ಹಾಕಿಸಲಿ?

ಕುಂಚ: ಅಂಗಿಯ ಮಾತು ಆಮೇಲೆ. ಮೊದಲು ಅಳಿಲು ನಮ್ಮದಾಗಲಿ. ಕಿವಿಯ ಮೇಲೆ ಕೂದಲ ಕುಚ್ಚಿರುವ ಕೆಂಪು ಅಳಿಲು ಯುರೋಪಿನ ಕಡೆಯದು. ನಮ್ಮ ಅಂಗಳದ್ದಕ್ಕೆ ಬೆನ್ನ ಮೇಲೆ ಮೂರು ಬಿಳಿ ಪಟ್ಟೆ. ಆನೆಯದೂ ಇದೇ ಗೋಳು: ಹೆಣ್ಣಾನೆಗೆ ಉದ್ದ ದಂತ ಬರೆದು, ಆಫ್ರಿಕದ ಅಗಲ ಕಿವಿ ಅಂಟಿಸಿ, ‘ನಮ್ಮ ಕಾಡು’ ಅಂತ ಹೆಸರಿಡುತ್ತಾರೆ. ನಾನು ಚಿತ್ರ ಬರೆದದ್ದು ಗೀಜಗದ ಪುಸ್ತಕಕ್ಕೆ. ಅದರಲ್ಲಿ ಟೋಪಿಯೂ ಇಲ್ಲ, ಕನ್ನಡಕವೂ ಇಲ್ಲ. ಗಂಡು ಅರ್ಧ ಗೂಡು ಹೆಣೆದು ರೆಕ್ಕೆ ಬಡಿದು ಕರೆಯುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡಿ ಹಾರಿಹೋಗುತ್ತದೆ. ಮತ್ತೆ ಇನ್ನೊಂದು ಗೂಡು. ನಗೆ ಪ್ರಾಣಿಯ ನಡತೆಯಲ್ಲೇ ಇರುವಾಗ ಬಟ್ಟೆ ಯಾಕೆ ಬೇಕು?

ಓದುಕಟ್ಟೆ: ಕುಂಚ ಅವರೇ, ಗೀಜಗ ನೋಡಿಯೇ ಇಲ್ಲದ ಮೂರು ವರ್ಷದ ಕೂಸಿಗೆ ಅದರಲ್ಲಿ ನಗಲು ಏನಿದೆ? ಆ ವಯಸ್ಸಿಗೆ ನಗು ಬರುವುದು ಗೊತ್ತಿರುವ ವಸ್ತು ಇರಬಾರದ ಜಾಗದಲ್ಲಿ ಕಂಡಾಗ. ಎಮ್ಮೆ ಸ್ವೆಟರ್ ಹಾಕಿಕೊಂಡು ಕೆರೆಗೆ ಇಳಿದರೆ ಬಟ್ಟೆಯೇ ಕಥೆ ಆಗುತ್ತದೆ: ಒದ್ದೆಯಾಗುತ್ತದೆ, ಜೋಲುತ್ತದೆ, ಕೊಂಬಿಗೆ ಸಿಕ್ಕಿಕೊಳ್ಳುತ್ತದೆ. ಬರೀ ಅಲಂಕಾರಕ್ಕಾದರೆ ಬಟ್ಟೆ ದಂಡ, ಅಷ್ಟು ಒಪ್ಪುತ್ತೇನೆ.

ನಾವು ನಮ್ಮ ಎಮ್ಮೆ ಪುಸ್ತಕವನ್ನು ಗಟ್ಟಿಯಾಗಿ ಓದಿಯೇ ತಿದ್ದಿದ್ದು. ಒಂದೇ ಸಾಲು ಮೂರು ಸಲ ಬರಬೇಕು, ನಾಲ್ಕನೆಯ ಸಲ ಮುರಿಯಬೇಕು. ಎರಡೇ ಸಲಕ್ಕೆ ಮುರಿದರೆ ಮಕ್ಕಳಿಗೆ ಸಾಲು ಬಾಯಿಗೆ ಬಂದಿರುವುದಿಲ್ಲ, ಐದಕ್ಕೆ ಹೋದರೆ ಎದ್ದು ಓಡುತ್ತಾರೆ. ಬಲಗಡೆಯ ಬೆಸ ಪುಟದಲ್ಲಿ ‘ಆಮೇಲೆ ಏನಾಯ್ತು?’ ಇರಲಿ, ಹಾಳೆ ತಿರುವಿದಾಗ ಸಮ ಪುಟದಲ್ಲಿ ನಗೆ ಸಿಗಲಿ. ಎದುರುಬದುರು ಪುಟದಲ್ಲಿ ಎರಡನ್ನೂ ಇಟ್ಟರೆ ಕಣ್ಣು ಮೊದಲೇ ಚಿತ್ರಕ್ಕೆ ಹೋಗಿ ನಗೆ ಸತ್ತುಹೋಗುತ್ತದೆ. ಪುಟಕ್ಕೆ ಹತ್ತು-ಹನ್ನೆರಡು ಪದ ಸಾಕು. ಕೂಡಿಸಿ ಓದಲು ಕಲಿಯುವ ಮಗುವಿಗಾದರೆ ಒತ್ತಕ್ಷರ ಕಡಿಮೆ ಮಾಡಿ. ದೊಡ್ಡವರು ಓದಿ ಹೇಳುವ ಪುಸ್ತಕಕ್ಕೆ ಆ ಕಟ್ಟು ಬೇಕಿಲ್ಲ.

ಪ್ರಾಸದ ಬಗ್ಗೆ: ಕುವೆಂಪು ಅವರ ‘ಕಿಂದರಿಜೋಗಿ’ಯಲ್ಲಿ ಬಗೆಬಗೆಯ ಇಲಿಗಳ ಸಾಲು ಬರುತ್ತದಲ್ಲ, ಅಲ್ಲಿ ಮಕ್ಕಳನ್ನು ಹಿಡಿಯುವುದು ಲಯ. ಸಾಲಿನ ಕೊನೆಗೆ ಬಲವಂತವಾಗಿ ಪ್ರಾಸ ತುರುಕಿದರೆ ಲಯವೂ ಕೆಡುತ್ತದೆ, ಅರ್ಥವೂ ಕೆಡುತ್ತದೆ.

ಲೆಕ್ಕದಪುಸ್ತಕ: ಎಲ್ಲ ಸರಿ, ದುಡ್ಡು? ನಮ್ಮ ಗಿಳಿ ಪುಸ್ತಕದ ಲೆಕ್ಕ ಇಡುತ್ತೇನೆ. ಚಿತ್ರ ಪುಟಕ್ಕೆ 1,500ರಂತೆ 24 ಪುಟಕ್ಕೆ 36,000. ರಕ್ಷಾಪುಟ 5,000. 1,000 ಪ್ರತಿ, 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ ತೂಗುವ) ಆರ್ಟ್ ಪೇಪರ್, ಪ್ರತಿಗೆ 38ರಂತೆ ಮುದ್ರಣ 38,000. ಒಟ್ಟು 79,000, ಅಂದರೆ ಪ್ರತಿಗೆ 79. ಮುಖಬೆಲೆ 120, ಅಂಗಡಿಗೆ ಶೇ 40 ಬಿಟ್ಟರೆ ಕೈಗೆ 72. ಪ್ರತಿ ಪುಸ್ತಕಕ್ಕೆ 7 ರೂಪಾಯಿ ನಷ್ಟ, ಪಾರ್ಸೆಲ್ ಖರ್ಚು ಬೇರೆ! 2,000 ಹಾಕಿಸಿದ್ದರೆ ಪ್ರತಿಯಲ್ಲಿ ಚಿತ್ರ-ರಕ್ಷಾಪುಟದ ಪಾಲು 41ರಿಂದ 20.50ಕ್ಕೆ ಇಳಿಯುತ್ತಿತ್ತು, ಆದರೆ ಇಟ್ಟುಕೊಳ್ಳಲು ಜಾಗ ಬೇಕು, ಗೆದ್ದಲು ಕಾಯಬೇಕು.

ಚಿತ್ರ ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ ಬಣ್ಣದಲ್ಲಿ ಬಂತು. ಪರದೆಯ ಮೇಲಿನ ಗಿಳಿಹಸಿರು ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗೆ ತಿರುಗಿಸಿದಾಗ ಪಾಚಿಯಾಯಿತು. ಅಕ್ಷರಕ್ಕೆ ಬರೀ ಕಪ್ಪು ಶಾಯಿ ಕೊಡದೆ ನಾಲ್ಕೂ ಬಣ್ಣ ಬೆರೆಸಿದ್ದರಿಂದ ಒಂದು ಬಣ್ಣದ ಅಚ್ಚು ಕೂದಲೆಳೆಯಷ್ಟು ಸರಿದದ್ದಕ್ಕೇ ಒತ್ತಕ್ಷರಗಳ ಸುತ್ತ ನೆರಳು ಬಂತು. ಚಿತ್ರ ಕೊಟ್ಟವರು ಇದನ್ನು ಮೊದಲೇ ಹೇಳಬೇಕಿತ್ತು.

ಕುಂಚ: ಅಕ್ಷರ ಜೋಡಿಸುವುದು ಚಿತ್ರಗಾರರ ಕೆಲಸವೇ? ಪುಟಕ್ಕೆ 1,500 ಕೊಟ್ಟು ರೇಖಾಚಿತ್ರ, ಎರಡು ತಿದ್ದುಪಡಿ, ಬಣ್ಣ, ಕೊನೆಗೆ ಹಕ್ಕನ್ನೂ ಪೂರ್ತಿ ಬರೆಸಿಕೊಂಡಿರಿ ಅಂತಲೇ ಇಟ್ಟುಕೊಳ್ಳೋಣ. ಮರುಮುದ್ರಣಕ್ಕೆ ಚಿತ್ರಗಾರರಿಗೆ ಏನು ಸಿಗುತ್ತದೆ? ಆ ಸಾಲು ನಿಮ್ಮ ಲೆಕ್ಕದಲ್ಲಿ ಕಾಣಲಿಲ್ಲ.

ಲೆಕ್ಕದಪುಸ್ತಕ: ಮೊದಲ ಮುದ್ರಣವೇ ಖಾಲಿಯಾಗಿಲ್ಲ, ಮರುಮುದ್ರಣದ ಜಗಳ ಯಾಕೆ ತೆಗೆಯುತ್ತೀರಿ?

ಕುಂಚ: ಒಪ್ಪಂದ ಬರೆಯುವುದು ಮೊದಲ ಮುದ್ರಣಕ್ಕಿಂತ ಮುಂಚೆ, ಅದಕ್ಕೆ.

ಕಡಲತೀರ: ನಿಮ್ಮಿಬ್ಬರ ಜಗಳದಲ್ಲಿ ಹೊಲಿಗೆಯನ್ನು ಎಲ್ಲರೂ ಮರೆತಿರಿ. 24 ಪುಟಕ್ಕೆ ನಡುವೆ ಎರಡು ಪಿನ್ ಹೊಡೆಯುತ್ತಾರೆ. ನಮ್ಮ ಕಡೆ ಒಂದು ಮಳೆಗಾಲ ಕಳೆದರೆ ಪಿನ್ ತುಕ್ಕು ಹಿಡಿದು ನಡುಪುಟದ ಪ್ರಾಣಿಯ ಹೊಟ್ಟೆಯ ಮೇಲೆ ಕಂದು ಕಲೆ. ನಾವು ಈಗ ನೂಲಿನಿಂದಲೇ ಹೊಲಿಸುತ್ತೇವೆ.

ಲೆಕ್ಕದಪುಸ್ತಕ: ಪ್ರತಿಗೆ ಎಷ್ಟು ಹೆಚ್ಚು?

ಕಡಲತೀರ: ನಾಲ್ಕು ರೂಪಾಯಿ. ನಿಮ್ಮ 7 ರೂಪಾಯಿ ನಷ್ಟ 11 ಆಗುತ್ತದೆ, ಗೊತ್ತು. ಬೆಲೆ 140 ಇಡಿ, ಅಂಗಡಿಯ ಪಾಲು ಕಳೆದು 84 ಬರುತ್ತದೆ, ಹೊಲಿಗೆ ಸೇರಿ ಖರ್ಚು 83. ನಡುಪುಟದಲ್ಲಿ ಅಳಿಲಿನ ಮುಖ ಮಾತ್ರ ಮಡಿಕೆಗೆ ಬರದ ಹಾಗೆ ಒಂದು ಬದಿಗೆ ಸರಿಸಿ, ಪಿನ್ನಾದರೂ ನೂಲಾದರೂ.